ಪುಟಾಣಿ ರಣರಂಗಕ್ಕೆ ಕಸದಿಂದ ರಸ: ಯಾವ ಬಿಡುವಿಗೆ ಯಾವ ಸಾಮಾನು?

ಮೇಜಿನ ಮೇಲೆ ಆಡುವ ಮಿನಿಯೇಚರ್ ಯುದ್ಧದ ಆಟಗಳಲ್ಲಿ ಗೊಂಬೆಗಳಿಗಿಂತ ಹೆಚ್ಚು ಜಾಗ ಹಿಡಿಯುವುದು ಟೆರೇನ್. ಅಂದರೆ ಗುಡ್ಡ, ಗೋಡೆ, ಪಾಳುಮನೆ, ಕಾಡು, ಪೀಪಾಯಿಗಳ ರಾಶಿ. ಕೊಂಡರೆ ದುಬಾರಿ, ಮಾಡಿಕೊಂಡರೆ ಹೆಚ್ಚುಕಡಿಮೆ ಪುಕ್ಕಟೆ. ಪಾರ್ಸೆಲ್ ಡಬ್ಬ, ಥರ್ಮೋಕೋಲ್, ಬಾಟಲಿ ಮುಚ್ಚಳ, ಹಳೆಯ ಸಿಡಿ ಇಷ್ಟರಲ್ಲೇ ಒಂದು ಮೇಜು ತುಂಬಿಸಬಹುದು ಎನ್ನುವುದು ಈ ಹವ್ಯಾಸದವರಿಗೆಲ್ಲ ಗೊತ್ತು. ಆದರೂ ಎಷ್ಟೋ ಮನೆಗಳ ಅಟ್ಟದಲ್ಲಿ ಅರ್ಧಕ್ಕೆ ನಿಂತ ಕೋಟೆಗಳು ಧೂಳು ತಿನ್ನುತ್ತಿರುತ್ತವೆ.

ನನ್ನ ಪ್ರಕಾರ ಎಡವುವುದು ಸಾಮಾನು ಆರಿಸುವಲ್ಲೇ. ಮುಗಿದ ಮೇಲೆ ಯಾವುದು ಚೆನ್ನಾಗಿ ಕಾಣುತ್ತದೆ ಎಂದಷ್ಟೇ ನೋಡುತ್ತೇವೆ. ಕೆಲಸ, ಮಕ್ಕಳು, ಅಡುಗೆ, ಓಡಾಟದ ನಡುವೆ ಸಿಗುವ ಬಿಡುವು ಎಷ್ಟು ಉದ್ದದ್ದು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಕಾಲು ಗಂಟೆ ಸಿಗುವವರಿಗೆ ಒಗ್ಗುವ ಸಾಮಾನು ಬೇರೆ, ಭಾನುವಾರದ ಮಧ್ಯಾಹ್ನ ಪೂರ್ತಿ ಸಿಗುವವರಿಗೆ ಒಗ್ಗುವುದು ಬೇರೆ. ಹಾಗಾಗಿ ಇಲ್ಲಿ ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಹಾಕುತ್ತೇನೆ: ಕೈ ಎಷ್ಟು ಹೊತ್ತು ಆಡಬೇಕು, ಒಣಗಲು ಎಷ್ಟು ಹೊತ್ತು ಬೇಕು, ನಡುವೆ ಬಾಗಿಲ ಗಂಟೆ ಬಾರಿಸಿದರೆ ಹಾಗೇ ಕೆಳಗಿಟ್ಟು ಎದ್ದು ಹೋಗಬಹುದೇ?

ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಒಣಗಲು ಇಡೀ ರಾತ್ರಿ ಹಿಡಿದರೆ ಬಿಡುವಿಲ್ಲದವರಿಗೆ ನಷ್ಟವೇನೂ ಇಲ್ಲ, ನಾವು ಮಲಗಿದ್ದಾಗ ಅಂಟು ತನ್ನ ಕೆಲಸ ಮುಗಿಸಿರುತ್ತದೆ. ಕಷ್ಟವೆಲ್ಲ ಒಮ್ಮೆ ಶುರುಮಾಡಿದರೆ ಬಿಡಲಾಗದ ಕೆಲಸಗಳದ್ದು, ಮತ್ತೆ ಹರಡಿದ್ದನ್ನು ಎತ್ತಿಡಲು ಮಾಡಿದ್ದಕ್ಕಿಂತ ಹೆಚ್ಚು ಹೊತ್ತು ಬೇಕಾಗುವ ಕೆಲಸಗಳದ್ದು.

ಸಾಮಾನಿಗಿಂತ ಮೊದಲು ಮೇಜಿನ ಅಳತೆ

ದೊಡ್ಡ ಸೈನ್ಯಗಳ ಆಟಕ್ಕೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೇಜು ಹಳೆಯ ರೂಢಿ. ಕಿಲ್ ಟೀಮ್‌ನಂಥ ಚಿಕ್ಕ ತಂಡಗಳ ಆಟ 30 ಇಂಚು ಉದ್ದ, 22 ಇಂಚು ಅಗಲದಲ್ಲಿ ಮುಗಿಯುತ್ತದೆ. ಬೆರಳೆಣಿಕೆಯ ಗೊಂಬೆಗಳಿಂದ ಆಡುವ ಇತರ ಆಟಗಳಿಗೂ ಎರಡು-ಮೂರು ಅಡಿ ಚೌಕ ಸಾಕಾಗುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ. ಮೇಜಿನ ಕಾಲು ಭಾಗವನ್ನಾದರೂ ಟೆರೇನ್ ತುಂಬಿರಬೇಕು ಎಂಬುದು ಆಟಗಾರರಲ್ಲಿ ನಡೆದುಬಂದ ಲೆಕ್ಕ. ಹಳೆಯ ಸಿಡಿಯ ಅಗಲ 12 ಸೆಂ.ಮೀ. ಒಂದೊಂದು ಸಿಡಿಯನ್ನು ಒಂದೊಂದು ತುಣುಕಿನ ತಳ ಎಂದುಕೊಂಡರೆ ಚಿಕ್ಕ ಮೇಜಿಗೆ ಸುಮಾರು ಹತ್ತು ಸಿಡಿ ಸಾಕು. ಆರಡಿ ಮೇಜಿಗೆ ಐವತ್ತರ ಹತ್ತಿರ ಬೇಕು. ಬಿಡುವಿಲ್ಲದವರು ಯಾವ ಮೇಜಿನಿಂದ ಶುರುಮಾಡಬೇಕು ಎನ್ನುವುದಕ್ಕೆ ಬೇರೆ ವಾದ ಬೇಕಿಲ್ಲ.

ಇನ್ನೊಂದು ತೀರ್ಮಾನವೂ ಇಲ್ಲೇ ಆಗಬೇಕು. ಗುಡ್ಡ, ಹೊಳೆ, ರಸ್ತೆ ಎಲ್ಲ ಸೇರಿದ ಒಂದೇ ಹಲಗೆ ಮಾಡುವುದೋ, ಅಥವಾ ಬೇಕಾದಂತೆ ಹರಡಿ ಎತ್ತಿಡುವ ಬಿಡಿ ತುಣುಕುಗಳೋ? ಇಡೀ ಹಲಗೆ ನೋಡಲು ಸೊಗಸು, ಆದರೆ ಪೂರ್ತಿ ಮುಗಿಯುವ ತನಕ ಅದರ ಮೇಲೆ ಆಡಲಾಗದು, ಮುಗಿದ ಮೇಲೂ ಪ್ರತಿ ಆಟಕ್ಕೂ ಅದೇ ಭೂಮಿ. ಬಿಡಿ ತುಣುಕು ಒಂದು ಮುಗಿದರೂ ಅವತ್ತೇ ಮೇಜಿಗೆ ಬರುತ್ತದೆ. ಇದು ಹೊಸ ಜಾಣತನವೇನೂ ಅಲ್ಲ. 1812ರಲ್ಲಿ ಲಿಯೊಪೋಲ್ಡ್ ಫಾನ್ ರೈಸ್‌ವಿಟ್ಸ್ ಪ್ರಶ್ಯದ ರಾಜನಿಗೆ ಮಾಡಿಕೊಟ್ಟ ಯುದ್ಧದಾಟದ ಮೇಜಿನಲ್ಲೂ ನೆಲದ ಏರಿಳಿತವನ್ನು ತೋರಿಸುವ ಬಿಡಿ ಬಿಲ್ಲೆಗಳಿದ್ದವು, ಪ್ರತಿ ಸಲವೂ ಅವನ್ನು ಬೇರೆ ಬೇರೆ ರೀತಿ ಜೋಡಿಸಬಹುದಿತ್ತು. ಅರಮನೆಗೆ ಒಪ್ಪಿದ್ದು ನಮ್ಮ ಮನೆಗೂ ಒಪ್ಪೀತು.

ಆರರ ಮಗ್ಗಿ

ಕಸದ ಬುಟ್ಟಿಯ ಯಾವ ವಸ್ತು ಏನಾಗಬಲ್ಲದು ಎಂದು ತಿಳಿಯಲು ಒಂದು ಲೆಕ್ಕ ಬಾಯಿಪಾಠವಾಗಿದ್ದರೆ ಸಾಕು. ಹೆಚ್ಚು ಬಳಕೆಯಲ್ಲಿರುವ, ಸುಮಾರು 28 ಮಿ.ಮೀ. ಎತ್ತರದ ಗೊಂಬೆಗಳನ್ನು ಸ್ಥೂಲವಾಗಿ ಅರವತ್ತರಲ್ಲಿ ಒಂದು ಅಳತೆ ಎಂದು ಹಿಡಿಯಬಹುದು. ಆಗ ಕೈಯಲ್ಲಿರುವ ವಸ್ತುವಿನ ಮಿಲಿಮೀಟರನ್ನು ಆರರಿಂದ ಗುಣಿಸಿದರೆ ಗೊಂಬೆಗಳ ಲೋಕದ ಸೆಂಟಿಮೀಟರ್ ಸಿಗುತ್ತದೆ.

ಪಾರ್ಸೆಲ್ ಡಬ್ಬದ ರಟ್ಟು 4 ಮಿ.ಮೀ. ದಪ್ಪವಿದ್ದರೆ ಅದು 24 ಸೆಂ.ಮೀ., ಅಂದರೆ ಹೆಚ್ಚುಕಡಿಮೆ ಒಂಬತ್ತಿಂಚಿನ ಇಟ್ಟಿಗೆ ಗೋಡೆ. ತಿಂಡಿಯ ತೆಳು ಡಬ್ಬದ ರಟ್ಟು ಅರ್ಧ ಮಿ.ಮೀ., ಎಂದರೆ 3 ಸೆಂ.ಮೀ.: ಬಾಗಿಲ ಹಲಗೆಗೆ, ಹೆಂಚಿಗೆ ಹೇಳಿಮಾಡಿಸಿದ್ದು. ನೀರಿನ ಬಾಟಲಿಯ ಮುಚ್ಚಳ 30 ಮಿ.ಮೀ. ಅಗಲ, ಗೊಂಬೆಗಳ ಲೆಕ್ಕದಲ್ಲಿ 1.8 ಮೀಟರ್, ಒಂದು ಬಾವಿಯ ಕಟ್ಟೆ. ಐಸ್‌ಕ್ರೀಮ್ ಕಡ್ಡಿಯನ್ನು ಎಲ್ಲರೂ ಮರದ ಹಲಗೆ ಎಂದು ಹಾಗೇ ಅಂಟಿಸುತ್ತಾರೆ. ಅದರ ಅಗಲ 10 ಮಿ.ಮೀ., ಎಂದರೆ 60 ಸೆಂ.ಮೀ. ಅಗಲದ ಹಲಗೆ! ಅಷ್ಟು ದಪ್ಪದ ಮರ ಯಾವ ಹಳ್ಳಿಮನೆಗೆ ಸಿಕ್ಕೀತು? ಉದ್ದಕ್ಕೆ ಎರಡಾಗಿ ಸೀಳಿದರೆ ಸರಿಹೋಗುತ್ತದೆ, ಅಥವಾ ಕಾಫಿ ಕದಡುವ ತೆಳು ಕಡ್ಡಿ ಬಳಸಬಹುದು. ಬೆಂಕಿಕಡ್ಡಿ 2 ಮಿ.ಮೀ., ಎಂದರೆ 12 ಸೆಂ.ಮೀ. ತೊಲೆ, ಅದು ಇದ್ದ ಹಾಗೇ ಸರಿ.

15 ಮಿ.ಮೀ. ಗೊಂಬೆಗಳಿದ್ದರೆ ಆರರ ಬದಲು ಹತ್ತರಿಂದ ಗುಣಿಸಿ. ಆಗ ಅದೇ ಪಾರ್ಸೆಲ್ ರಟ್ಟು 40 ಸೆಂ.ಮೀ. ದಪ್ಪದ ಕೋಟೆಗೋಡೆಯಾಗುತ್ತದೆ, ಮನೆಗಳಿಗೆ ತೆಳು ರಟ್ಟಿಗೇ ಹೋಗಬೇಕಾಗುತ್ತದೆ.

ರಟ್ಟು

ಕಾಲು ಗಂಟೆಯ ಬಿಡುವಿನವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ರಟ್ಟನ್ನೇ. ಬೇಕಾದದ್ದು ಒಂದು ಚೂಪು ಬ್ಲೇಡು, ಒಂದು ಸ್ಟೀಲ್ ಸ್ಕೇಲು, ಬಿಳಿ ಅಂಟು. ಪುಡಿ ಉದುರುವುದಿಲ್ಲ, ವಾಸನೆ ಇಲ್ಲ. ಯಾವ ಗೆರೆಯಲ್ಲಿ ಬೇಕಾದರೂ ನಿಲ್ಲಿಸಿ ಎದ್ದು ಹೋಗಬಹುದು. ಕತ್ತರಿಸಿದ ಗೋಡೆಗಳನ್ನು ಪುಸ್ತಕದ ನಡುವೆ ಇಟ್ಟು ಮುಂದಿನ ವಾರ ತೆಗೆದರೂ ಅವು ಹಾಗೇ ಇರುತ್ತವೆ.

ಅದರಲ್ಲೂ ಡಬ್ಬದ ಮೂಲೆಯನ್ನು ಜನ ಮರೆಯುತ್ತಾರೆ. ಎರಡು ಗೋಡೆ ಕೂಡುವ ಮೂಲೆ ಡಬ್ಬದಲ್ಲಿ ಆಗಲೇ ಸಿದ್ಧವಾಗಿದೆ. ಅದನ್ನು ಎಲ್ ಆಕಾರದಲ್ಲಿ ಕತ್ತರಿಸಿ, ಮೇಲಂಚನ್ನು ಒಡೆದ ಗೋಡೆಯಂತೆ ಅಂಕುಡೊಂಕಾಗಿಸಿ, ಎರಡು ಕಿಟಕಿ ಕೊರೆದರೆ ಪಾಳುಮನೆಯ ಹಂದರ ಮುಗಿಯಿತು, ಒಂದು ಹನಿ ಅಂಟೂ ಖರ್ಚಾಗಿಲ್ಲ. ಬಾಗಿಲಿಗೆ 40 ಮಿ.ಮೀ. ಎತ್ತರ, ಮಹಡಿಯಿಂದ ಮಹಡಿಗೆ 75 ಮಿ.ಮೀ. ಬಿಟ್ಟರೆ ಬೆರಳು ಒಳಗೆ ಹೋಗಿ ಗೊಂಬೆ ಇಡಲೂ ಅನುಕೂಲ. ನಿಜವಾದ ಮನೆಯ ಲೆಕ್ಕಕ್ಕೆ ಇದು ಎತ್ತರವೇ ಆಯಿತು, ಆದರೆ ಬೆರಳುಗಳು ಅಳತೆಗೆ ಕುಗ್ಗುವುದಿಲ್ಲವಲ್ಲ.

ರಟ್ಟಿನ ಒಂದು ಮುಖವನ್ನು ನೀರಿನಲ್ಲಿ ತುಸು ನೆನೆಸಿ ಮೇಲಿನ ಕಾಗದ ಸುಲಿದರೆ ಒಳಗಿನ ಅಲೆಅಲೆಯ ಹಾಳೆ ಹೊರಬರುತ್ತದೆ. ಅದೇ ತಗಡಿನ ಶೀಟು. ಲೆಕ್ಕ ಹಾಕಿದರೆ ಆ ಅಲೆ ಅಳತೆ ಮೀರಿದ್ದು. ನಿಜವಾದ ತಗಡಿನಲ್ಲಿ ಅಲೆಯಿಂದ ಅಲೆಗೆ ಸುಮಾರು 7.6 ಸೆಂ.ಮೀ.; ರಟ್ಟಿನ 6-8 ಮಿ.ಮೀ. ಅಲೆ ಗೊಂಬೆಗಳಿಗೆ ನಲವತ್ತು ಸೆಂ.ಮೀ. ಆಸುಪಾಸು. ಆದರೂ ತುಕ್ಕಿನ ಬಣ್ಣ ಬಿದ್ದ ಮೇಲೆ ಯಾರ ಕಣ್ಣೂ ಅದನ್ನು ತಕರಾರು ಮಾಡುವುದಿಲ್ಲ. ಮೊಬೈಲ್, ಚಿಕ್ಕ ಯಂತ್ರಗಳ ಡಬ್ಬಗಳಲ್ಲಿ ಸಿಗುವ ಸಣ್ಣ ಅಲೆಯ ತೆಳು ರಟ್ಟು ಸಿಕ್ಕರೆ ಬಿಡಬೇಡಿ, ಅದು ಇನ್ನೂ ನಂಬುವಂತಿರುತ್ತದೆ.

ದೋಷ ಎರಡು. ಒಂದು, ಕತ್ತರಿಸಿದ ಅಂಚಿನಲ್ಲಿ ಅಲೆಗಳು ಕಾಣುತ್ತವೆ, ಗೋಡೆ ಎಂದು ಯಾರೂ ನಂಬುವುದಿಲ್ಲ. ತೆಳು ಕಾಗದದ ಪಟ್ಟಿಯನ್ನು ಅಂಟು ಸವರಿ ಅಂಚಿನ ಮೇಲೆ ಮಡಚಿ ಮುಚ್ಚಬೇಕು. ಈ ಕೆಲಸ ಬೇಸರದ್ದು, ಆದರೆ ಟಿವಿ ನೋಡುತ್ತ ಮಾಡಬಹುದಾದದ್ದು. ಎರಡನೆಯದು ಸೊಟ್ಟಗಾಗುವುದು. ಒಂದೇ ಮುಖಕ್ಕೆ ನೀರು ಬೆರೆತ ಅಂಟೋ ಬಣ್ಣವೋ ಬಿದ್ದಾಗ ಆ ಕಡೆಯ ನಾರು ಹಿಗ್ಗಿ, ಒಣಗುವಾಗ ಎಳೆದುಕೊಂಡು ರಟ್ಟು ಬಾಗುತ್ತದೆ. ಎರಡೂ ಮುಖಕ್ಕೆ ಬಣ್ಣ ಬಳಿದರೆ ಎಳೆತ ಸಮವಾಗುತ್ತದೆ. ಎರಡು ಪದರ ಅಂಟಿಸುವಾಗ ಒಂದರ ಅಲೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಬರುವಂತೆ ಇಟ್ಟು, ಮೇಲೆ ದಪ್ಪ ಪುಸ್ತಕಗಳ ಭಾರ ಹೇರಿ ರಾತ್ರಿ ಬಿಟ್ಟರೆ ತಟ್ಟೆಯಷ್ಟು ನೇರ. ತಳಕ್ಕಂತೂ ರಟ್ಟನ್ನು ನಾನು ಬಳಸುವುದೇ ಇಲ್ಲ. ಸಿಡಿ ಇದೆಯಲ್ಲ: 1.2 ಮಿ.ಮೀ. ದಪ್ಪದ ಪಾಲಿಕಾರ್ಬೊನೇಟ್, ಎಷ್ಟು ನೀರು ಬಿದ್ದರೂ ಬಾಗದು. ನುಣುಪು ಮೇಲ್ಮೈಯನ್ನು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ನಡುವಿನ ತೂತಿಗೆ ಟೇಪು ಹಚ್ಚಿದರೆ ಸಾಕು.

ಥರ್ಮೋಕೋಲ್ ಮತ್ತು ಅದರ ನೆಂಟರು

ಟಿವಿ, ಫ್ರಿಜ್ ಜೊತೆ ಬರುವ ಬಿಳಿ ಥರ್ಮೋಕೋಲ್ ಗುಡ್ಡಗಳಿಗೆ ರಾಜ. ದೊಡ್ಡ ಗಾತ್ರ, ಹಗುರ ತೂಕ. ಅದರ ಒಳಗೆ ಶೇಕಡಾ 98ರಷ್ಟು ಗಾಳಿಯೇ. ರಟ್ಟಿನಲ್ಲಿ ಪದರ ಪದರ ಅಂಟಿಸಿ ಏರಿಸಬೇಕಾದ ಎತ್ತರ ಇಲ್ಲಿ ಒಂದೇ ತುಂಡಿನಲ್ಲಿ ಸಿಗುತ್ತದೆ. ಕೈ ಆಡಬೇಕಾದ ಹೊತ್ತು ಕಡಿಮೆ.

ಆದರೆ ಮೂರನೆಯ ಪ್ರಶ್ನೆಗೆ ಬಂದಾಗ ಅದು ಸೋಲುತ್ತದೆ. ಮೊಂಡು ಬ್ಲೇಡಿನಿಂದ ಕತ್ತರಿಸಿದರೆ ಕಾಳುಕಾಳಾಗಿ ಉದುರಿ, ಸ್ಥಾಯೀ ವಿದ್ಯುತ್ತಿಗೆ ಬಟ್ಟೆ, ಗೋಡೆ, ಬೆಕ್ಕು ಎಲ್ಲಕ್ಕೂ ಅಂಟಿಕೊಳ್ಳುತ್ತದೆ. ಹತ್ತು ನಿಮಿಷ ಕತ್ತರಿಸಿ ಅರ್ಧ ಗಂಟೆ ಗುಡಿಸುವ ಕೆಲಸ ಬಿಡುವಿಲ್ಲದವರಿಗೆ ತಕ್ಕುದಲ್ಲ. ಬಿಸಿ ತಂತಿಯ ಕಟರ್ ಇದ್ದರೆ ಕಾಳು ಉದುರುವುದಿಲ್ಲ, ಬೆಣ್ಣೆಯಂತೆ ಕೊಯ್ಯುತ್ತದೆ. ಆದರೆ ಕರಗುವ ಥರ್ಮೋಕೋಲ್‌ನ ಹೊಗೆ ಒಳ್ಳೆಯದಲ್ಲ, ಕಿಟಕಿ ತೆರೆದಿಟ್ಟು, ಮಕ್ಕಳನ್ನು ದೂರವಿಟ್ಟು ಮಾಡಬೇಕಾದದ್ದು. ಹಾಗಾಗಿ ನನ್ನ ಸಲಹೆ: ಥರ್ಮೋಕೋಲನ್ನು ದಿನಾ ಸ್ವಲ್ಪ ಸ್ವಲ್ಪ ಮಾಡಲು ಹೋಗಬೇಡಿ. ತಿಂಗಳಿಗೊಮ್ಮೆ ಬಾಲ್ಕನಿಯಲ್ಲೋ ಅಂಗಳದಲ್ಲೋ ಕೂತು ಬೇಕಾದ ಗುಡ್ಡಗಳನ್ನೆಲ್ಲ ಒಟ್ಟಿಗೆ ಕತ್ತರಿಸಿ, ಒಂದೇ ಸಲ ಗುಡಿಸಿ ಮುಗಿಸಿ. ಆಮೇಲಿನ ಬಣ್ಣ, ಹುಲ್ಲು ಎಲ್ಲ ಕಾಲು ಗಂಟೆಯ ತುಣುಕುಗಳಲ್ಲಿ ನಡೆಯುತ್ತದೆ.

ಗುಡ್ಡದಲ್ಲೂ ಎರಡು ಬಗೆ. ಇಳಿಜಾರಿನ ಗುಡ್ಡ ನೋಡಲು ಸಹಜ, ಆಡಲು ಕಿರಿಕಿರಿ. ಲೋಹದ ಗೊಂಬೆಗಳು ಜಾರಿ ಬೀಳುತ್ತವೆ. ಮೆಟ್ಟಿಲಾಗಿ ಏರುವ ಗುಡ್ಡ ಅಷ್ಟು ಸಹಜವಾಗಿ ಕಾಣದು, ಆದರೆ ಪ್ರತಿ ಮೆಟ್ಟಿಲಿನಲ್ಲೂ 30 ಮಿ.ಮೀ. ಸಮತಟ್ಟು ಜಾಗ ಬಿಟ್ಟರೆ 25 ಮಿ.ಮೀ. ತಳದ ಗೊಂಬೆ ಆರಾಮಾಗಿ ನಿಲ್ಲುತ್ತದೆ. ಆಡುವ ಆಸೆಯಿಂದಲೇ ಮಾಡುವವರು ಮೆಟ್ಟಿಲನ್ನೇ ಆರಿಸಲಿ.

ಥರ್ಮೋಕೋಲ್‌ನ ನೆಂಟರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ತಿನಿಸುಗಳ ಕೆಳಗೆ ಬರುವ ನುಣುಪಾದ ತೆಳು ಫೋಮ್ ತಟ್ಟೆ. ಅದರಲ್ಲಿ ಕಾಳುಗಳಿಲ್ಲ, ಕತ್ತರಿಸಿದರೆ ಪುಡಿಯಾಗುವುದಿಲ್ಲ. ಸೋಪಿನಲ್ಲಿ ತೊಳೆದು, ಒಣಗಿಸಿ, ಖಾಲಿಯಾದ ಬಾಲ್‌ಪೆನ್ನಿನಿಂದ ಗೆರೆ ಒತ್ತಿದರೆ ಕಲ್ಲಿನ ಗೋಡೆ ಮೂಡುತ್ತದೆ. ಅಲ್ಯೂಮಿನಿಯಂ ಫಾಯಿಲ್ಲನ್ನು ಉಂಡೆ ಮಾಡಿ ಅದರ ಮೇಲೆ ಒತ್ತಿ ಹೊರಳಿಸಿದರೆ ಕಲ್ಲಿನ ಒರಟುತನವೂ ಬರುತ್ತದೆ. ಎಷ್ಟು ಸಣ್ಣ ಬಿಡುವಿನಲ್ಲೂ ಒಂದೆರಡು ಸಾಲು ಕಲ್ಲು ಕೊರೆದು ಎದ್ದು ಹೋಗಬಹುದು. ಗೋಡೆಯ ಬಲ ಅದಕ್ಕಿಲ್ಲ, ರಟ್ಟಿನ ಮೇಲೆ ಹೊದಿಕೆಯಾಗಿ ಅಂಟಿಸಿ. ಹಾಗೆ ಮಾಡಿದಾಗ ರಟ್ಟಿನ ಮೇಲ್ಮೈಯ ಬಡತನವೂ ತೀರುತ್ತದೆ, ಫೋಮಿನ ಬಳುಕೂ ತೀರುತ್ತದೆ. ಈ ಜೋಡಿಯೇ ಈ ಬರಹದ ಎಲ್ಲ ಆಯ್ಕೆಗಳಲ್ಲಿ ನನ್ನ ಮೊದಲ ಓಟು.

ಥರ್ಮೋಕೋಲ್, ಫೋಮ್ ತಟ್ಟೆ ಎರಡೂ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ಸ್ಪ್ರೇ ಪೇಂಟಿನಲ್ಲಿರುವ ದ್ರಾವಕಗಳು, ಅಸಿಟೋನ್, ಸೂಪರ್ ಗ್ಲೂ ಇವೆಲ್ಲ ಅದನ್ನು ತಿಂದುಹಾಕುತ್ತವೆ. ಮೊದಲು ಬಿಳಿ ಅಂಟು ಬೆರೆಸಿದ ಅಕ್ರಿಲಿಕ್ ಬಣ್ಣವನ್ನು ಎರಡು ಕೈ ಬಳಿದು, ಸಂದುಗೊಂದೆಲ್ಲ ಮುಚ್ಚಿದೆಯೇ ನೋಡಿಕೊಳ್ಳಿ. ಒಂದು ಸೂಜಿಮೊನೆಯಷ್ಟು ಜಾಗ ಬಿಟ್ಟರೂ ಸ್ಪ್ರೇ ಅಲ್ಲಿಂದಲೇ ಒಳಗೆ ಗವಿ ಕೊರೆಯುತ್ತದೆ.

ಪ್ಲಾಸ್ಟಿಕ್: ಆಕಾರ ಪುಕ್ಕಟೆ, ಅಂಟು ಕಷ್ಟ

ಬಾಟಲಿ, ಮುಚ್ಚಳ, ಶಾಂಪೂ ಡಬ್ಬಿ, ಮಾತ್ರೆ ಖಾಲಿಯಾದ ಸ್ಟ್ರಿಪ್ಪು. ಇವುಗಳ ಆಕಾರವೇ ಬಂಡವಾಳ. ಕಾರ್ಖಾನೆಯ ಟ್ಯಾಂಕು, ಕೊಳವೆ, ಗಾಳಿಗೂಡು ಎಲ್ಲ ಕತ್ತರಿಸದೆಯೇ ಸಿಕ್ಕಿಬಿಡುತ್ತವೆ. ವಾರ್‌ಹ್ಯಾಮರ್ 40,000 ಆಟ 1987ರಲ್ಲಿ ಹುಟ್ಟಿದ ಹೊಸತರಲ್ಲಿ ಡಿಯೋಡರೆಂಟ್ ಡಬ್ಬಿಯಿಂದ ಯುದ್ಧವಾಹನ ಮಾಡುವ ಬಗೆಯನ್ನು ಅದರ ಪ್ರಕಾಶಕರ ಪತ್ರಿಕೆಯೇ ಹೇಳಿಕೊಟ್ಟಿತ್ತು. ಇವತ್ತು ಒಂದೊಂದು ವಾಹನಕ್ಕೂ ದುಡ್ಡು ಸುರಿಯುವವರು ಈ ಇತಿಹಾಸವನ್ನು ಒಮ್ಮೆ ನೆನೆಯಬಹುದು.

ಆದರೆ ಇದು ಬೇರೆಯೇ ಪರೀಕ್ಷೆ ಒಡ್ಡುತ್ತದೆ. ಡಬ್ಬಿಯ ಅಡಿಯಲ್ಲಿರುವ ತ್ರಿಕೋನದೊಳಗಿನ ಅಂಕೆ ನೋಡಿ. 1 ಇದ್ದರೆ ಪೆಟ್, ನೀರು-ಪಾನೀಯದ ಬಾಟಲಿ. ಸ್ಯಾಂಡ್‌ಪೇಪರ್ ಆಡಿಸಿದರೆ ಅಂಟೂ ಬಣ್ಣವೂ ಹಿಡಿಯುತ್ತವೆ. 6 ಇದ್ದರೆ ಪಾಲಿಸ್ಟೈರೀನ್, ಗಟ್ಟಿ ಪ್ಲಾಸ್ಟಿಕ್ ರೂಪದಲ್ಲಿ ಸೂಪರ್ ಗ್ಲೂಗೆ ಚೆನ್ನಾಗಿ ಒಗ್ಗುತ್ತದೆ. 2 ಮತ್ತು 5 ಇದ್ದರೆ ಪಾಲಿಎಥಿಲೀನ್, ಪಾಲಿಪ್ರೊಪಿಲೀನ್. ಬಾಟಲಿ ಮುಚ್ಚಳಗಳು ಹೆಚ್ಚಾಗಿ ಇವೇ. ಇವಕ್ಕೆ ಸಾಮಾನ್ಯ ಅಂಟು ಯಾವುದೂ ನೆಟ್ಟಗೆ ಹಿಡಿಯುವುದಿಲ್ಲ, ಬಣ್ಣ ಉಗುರಿಗೆ ಸಿಪ್ಪೆಯಾಗಿ ಬರುತ್ತದೆ. ಇವುಗಳ ಜೊತೆ ಗುದ್ದಾಡುವ ಬದಲು ಟಿಶ್ಯೂ ಪೇಪರನ್ನು ನೀರು ಬೆರೆಸಿದ ಬಿಳಿ ಅಂಟಿನಲ್ಲಿ ಅದ್ದಿ ಮೈತುಂಬ ಸುತ್ತಿಬಿಡಿ. ಒಣಗಿದ ಮೇಲೆ ಬಣ್ಣ ಹಿಡಿಯುವುದು ಕಾಗದವನ್ನೇ. ತಳಕ್ಕೆ ಕೂರಿಸಲು ಒಂದು ತೂತು ಕೊರೆದು ಕಡ್ಡಿ ತೂರಿಸುವುದು ಅಂಟಿಗಿಂತ ಗಟ್ಟಿ.

ಹೀಗೆ ಸುತ್ತುವುದು, ಒಣಗಿಸುವುದು ಸೇರಿದರೆ ಪ್ಲಾಸ್ಟಿಕ್ ತೋರುವಷ್ಟು ಬೇಗ ಮುಗಿಯುವ ಸಾಮಾನಲ್ಲ. ವೈಜ್ಞಾನಿಕ ಕಲ್ಪನೆಯ ಆಟ ಆಡುವವರಿಗೆ ಆ ಶ್ರಮ ತಕ್ಕುದು. ಕೋಟೆ-ಕತ್ತಿಗಳ ಆಟದವರು ಮುಚ್ಚಳಗಳನ್ನು ಬಾವಿಗೆ, ಬಂಡಿಯ ಗಾಲಿಗೆ ಬಳಸಿ ಅಷ್ಟಕ್ಕೇ ಬಿಡಬಹುದು.

ಕಾಗದದ ಮುದ್ದೆ, ಪ್ಲಾಸ್ಟರ್, ಮೊಟ್ಟೆ ಟ್ರೇ

ಪ್ಲಾಸ್ಟರ್ ಆಫ್ ಪ್ಯಾರಿಸ್ ಬಿಡುವಿಲ್ಲದವರ ಶತ್ರು. ನೀರಿಗೆ ಬಿದ್ದ ಕ್ಷಣದಿಂದ ಗಡಿಯಾರ ಓಡತೊಡಗುತ್ತದೆ, ಹತ್ತು-ಮೂವತ್ತು ನಿಮಿಷದಲ್ಲಿ ಕಲ್ಲು. ಫೋನ್ ಬಂತೆಂದು ಎದ್ದರೆ ಬಟ್ಟಲೂ ಹೋಯಿತು, ಚಮಚವೂ ಹೋಯಿತು. ತೊಳೆದ ನೀರನ್ನು ಸಿಂಕಿಗೆ ಸುರಿದರೆ ಕೊಳವೆಯೂ ಕಟ್ಟುತ್ತದೆ. ಜೊತೆಗೆ ಭಾರ, ಬಿದ್ದರೆ ಚೂರು. ಬೇಡವೇ ಬೇಡ.

ಕಾಗದದ ಮುದ್ದೆ ನಿಧಾನ, ಆದರೆ ಒರಟು ಬಂಡೆಗಳಿಗೆ ಚೆನ್ನ. ದಪ್ಪ ಪದರ ಒಣಗಲು ಒಂದೆರಡು ದಿನ, ಹವೆ ತೇವವಾಗಿದ್ದರೆ ಇನ್ನೂ ಹೆಚ್ಚು ಬೇಕು. ಬೂಷ್ಟು ಹಿಡಿಯದಂತೆ ಪದರ ತೆಳುವಾಗಿರಲಿ.

ಕಾಗದದ ತಿರುಳಿನಿಂದ ಮಾಡಿದ ಮೊಟ್ಟೆ ಟ್ರೇ ಮಾತ್ರ ಚಿನ್ನ. ಅದರ ಸಪಾಟು ಭಾಗಗಳನ್ನು ಚಿಕ್ಕ ಚೌಕಗಳಾಗಿ ಕತ್ತರಿಸಿ ರಟ್ಟಿನ ಗೋಡೆಗೆ ಅಂಟಿಸಿದರೆ ಕೈಯಲ್ಲಿ ಕೆತ್ತಿದ ಕಲ್ಲಿನಂತೆಯೇ ಕಾಣುತ್ತದೆ. ಒಂದು ಗೋಡೆಗೆ ನೂರಾರು ತುಂಡು ಬೇಕು, ಕೆಲಸದ ಹೊತ್ತು ವಿಪರೀತ. ಆದರೆ ಕತ್ತರಿಸಿಟ್ಟ ಕಲ್ಲುಗಳನ್ನು ಡಬ್ಬಿಗೆ ತುಂಬಿಕೊಂಡರೆ ಫೋನಿನಲ್ಲಿ ಮಾತಾಡುತ್ತಲೂ ನಾಲ್ಕಾರು ಅಂಟಿಸಬಹುದು. ಗಮನ ಬೇಡದ ಕೆಲಸಕ್ಕೆ ಎಷ್ಟು ಹೊತ್ತು ಹಿಡಿದರೂ ಅದು ನಿಮ್ಮ ಬಿಡುವನ್ನು ತಿನ್ನುವುದಿಲ್ಲ.

ಅಂಟು ಯಾವುದು?

ಇಲ್ಲಿ ಆಯ್ಕೆ ಎರಡರ ನಡುವೆ. ಪಿವಿಎ ಜಾತಿಯ ಬಿಳಿ ಅಂಟು ನೀರು ಆರಿದಾಗ ಗಟ್ಟಿಯಾಗುತ್ತದೆ. ಅರ್ಧ-ಒಂದು ಗಂಟೆಯಲ್ಲಿ ಹಿಡಿತ, ಒಂದು ದಿನದಲ್ಲಿ ಪೂರ್ತಿ ಬಲ. ಅಂಟಿಸುವ ಎರಡು ಮುಖಗಳಲ್ಲಿ ಒಂದಾದರೂ ನೀರು ಹೀರುವಂಥದ್ದಾಗಿರಬೇಕು. ಎರಡು ಅಗಲ ಫೋಮ್ ಹಾಳೆಗಳ ನಡುವೆ ಬಳಿದರೆ ಅಂಚು ಮಾತ್ರ ಒಣಗಿ ನಡುವಿನ ಅಂಟು ದಿನಗಟ್ಟಲೆ ಹಸಿಯಾಗೇ ಉಳಿಯುತ್ತದೆ. ಅಂಥ ಕಡೆ ಹಲ್ಲುಕಡ್ಡಿಗಳನ್ನು ಮೊಳೆಯಂತೆ ಚುಚ್ಚಿ ಬಿಟ್ಟರೆ ಅಂಟು ತನ್ನ ಪಾಡಿಗೆ ಒಣಗಲಿ, ನಿಮ್ಮ ಕೆಲಸ ಮುಂದೆ ಸಾಗಲಿ.

ಗ್ಲೂ ಗನ್ ಅರ್ಧ ನಿಮಿಷದಲ್ಲಿ ಹಿಡಿಯುತ್ತದೆ. ಕೇಳಲು ಇದೇ ಬಿಡುವಿಲ್ಲದವರ ಅಂಟು ಎನಿಸುತ್ತದೆ. ಆದರೆ ಬಿಸಿಯಾಗಲು ಐದು ನಿಮಿಷ, ಮುಗಿದ ಮೇಲೆ ತಣ್ಣಗಾಗುವ ತನಕ ಮಕ್ಕಳ ಕೈಗೆ ಸಿಗದಂತೆ ಕಾವಲು, ಎಲ್ಲೆಲ್ಲೂ ಜೇಡರ ಬಲೆಯಂಥ ಎಳೆಗಳು. ಹೆಚ್ಚು ಬಿಸಿಯ ಗನ್ ಥರ್ಮೋಕೋಲನ್ನೇ ಕರಗಿಸುತ್ತದೆ, ಕಡಿಮೆ ಬಿಸಿಯದ್ದೇ ಬೇಕು. ಒಂದೇ ಸಲಕ್ಕೆ ಕೂತು ಹತ್ತು ತುಣುಕು ಜೋಡಿಸುವ ದಿನ ಗನ್ ತೆಗೆಯಿರಿ. ಒಂದು ಗೋಡೆ ಅಂಟಿಸಲು ಬಿಳಿ ಅಂಟು, ಎರಡು ಕ್ಲಿಪ್ಪು ಸಾಕು.

ಬಣ್ಣ ಮತ್ತು ನೆಲ

ಬಣ್ಣದಲ್ಲಿ ಬಿಡಿ ಬಿಡಿಯಾಗಿ ಮಾಡುವುದೇ ದೊಡ್ಡ ನಷ್ಟ. ಬ್ರಷ್ ತೊಳೆಯುವುದು, ಹಳೆಯ ಪೇಪರ್ ಹಾಸುವುದು ಒಂದು ತುಣುಕಿಗೂ ಅಷ್ಟೇ, ಹತ್ತಕ್ಕೂ ಅಷ್ಟೇ. ಆದ್ದರಿಂದ ಐದಾರು ತುಣುಕು ಕೂಡುವ ತನಕ ಕಾಯಿರಿ. ಗೋಡೆಗೆ ಬಳಿದು ಉಳಿದ ಎಮಲ್ಷನ್ ಪೇಂಟ್ ಇದ್ದರೆ ಅದೇ ತಳಬಣ್ಣ. ಕಪ್ಪೋ ಕಡುಕಂದೋ ಬೆರೆಸಿ ಗಾಢ ಮಾಡಿಕೊಳ್ಳಿ. ಒಣಗಿದ ಮೇಲೆ ಅಗಲ ಬ್ರಷ್ಷಿಗೆ ತಿಳಿಬಣ್ಣ ಹಚ್ಚಿ, ಬಟ್ಟೆಗೆ ಒರೆಸಿ, ಉಳಿದಷ್ಟನ್ನು ಉಬ್ಬುಗಳ ಮೇಲೆ ಸವರುವ ಡ್ರೈ ಬ್ರಶಿಂಗ್. ಮೊದಲು ನಡು ಬೂದಿ, ಆಮೇಲೆ ತಿಳಿ ಬೂದಿ. ಗೊಂಬೆಗಳಿಗೆ ಬಳಸುವ ದುಬಾರಿ ಪುಟ್ಟ ಬಾಟಲಿಗಳನ್ನು ಗುಡ್ಡಕ್ಕೆ ಸುರಿಯುವುದು ದಂಡ. ಸಂದುಗಳಲ್ಲಿ ಕೊಳೆ ಬೇಕೆಂದರೆ ಕಂದು ಬಣ್ಣಕ್ಕೆ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಹರಿಯಬಿಡಿ.

ನೆಲಕ್ಕೆ ಜರಡಿ ಹಿಡಿದ ಮರಳು, ಅಥವಾ ಬಳಸಿದ ಚಹಾಪುಡಿಯನ್ನು ಗರಿಗರಿಯಾಗಿ ಒಣಗಿಸಿಕೊಂಡದ್ದು. ಚಹಾಪುಡಿ ಕಾಡಿನ ನೆಲಕ್ಕೆ ಮರಳಿಗಿಂತ ಮೇಲು, ಬಣ್ಣವೂ ಬೇಕಿಲ್ಲ. ಆದರೆ ಒಂದಿಷ್ಟು ತೇವ ಉಳಿದರೂ ಬೂಷ್ಟು ಹಿಡಿಯುತ್ತದೆ. ಎತ್ತರದ ಒಣಹುಲ್ಲಿಗೆ ಹಳೆಯ ನಾರಿನ ಕಾಲೊರೆಸಿನ ಒಂದು ಮೂಲೆ ಸಾಕು. ಪಾತ್ರೆ ಉಜ್ಜುವ ಸ್ಪಂಜನ್ನು ಚಿಂದಿ ಮಾಡಿ ಹಸಿರಿನಲ್ಲಿ ಅದ್ದಿದರೆ ಪೊದೆ.

ಹಾಗಾದರೆ ನಿಮಗೆ ಯಾವುದು?

ದಿನಕ್ಕೆ ಹತ್ತು-ಹದಿನೈದು ನಿಮಿಷ, ಅದೂ ಯಾವಾಗ ಮುರಿಯುತ್ತದೋ ಗೊತ್ತಿಲ್ಲ ಎನ್ನುವವರು: ಸಿಡಿ ತಳ, ಡಬ್ಬದ ಮೂಲೆ, ಫೋಮ್ ತಟ್ಟೆಯ ಕಲ್ಲು, ಬಿಳಿ ಅಂಟು. ಬ್ಲೇಡು, ಸ್ಕೇಲು, ಅಂಟು, ಕೈಯಲ್ಲಿರುವ ಒಂದೇ ಒಂದು ತುಣುಕು ಎಲ್ಲ ಒಂದು ಟ್ರೇಯಲ್ಲಿರಲಿ. ಟ್ರೇ ಎತ್ತಿ ಕಪಾಟಿನ ಮೇಲಿಟ್ಟರೆ ಮೇಜು ಖಾಲಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬ್ಲೇಡು ಮಾತ್ರ ಟ್ರೇಯಲ್ಲಿ ಬೇಡ.

ವಾರಕ್ಕೊಂದು ಸಂಜೆ ಖಾತ್ರಿಯಾಗಿ ಸಿಗುವವರು ಥರ್ಮೋಕೋಲ್ ಗುಡ್ಡ, ಪ್ಲಾಸ್ಟಿಕ್ ಟ್ಯಾಂಕುಗಳಿಗೆ ಧೈರ್ಯವಾಗಿ ಕೈ ಹಾಕಬಹುದು. ಒಂದು ವಾರ ಕತ್ತರಿಸುವುದು, ಮುಂದಿನ ವಾರ ಅಂಟಿಸಿ ಸುತ್ತುವುದು, ಅದರ ಮುಂದಿನ ವಾರ ಬಣ್ಣ. ನಡುವಿನ ದಿನಗಳೆಲ್ಲ ಒಣಗಲು ಸಿಕ್ಕ ಬೋನಸ್.

ಬಿಡುವು ಇದ್ದೂ ತಲೆ ದಣಿದಿರುವವರ ಬಗ್ಗೆ ಯಾರೂ ಮಾತಾಡುವುದಿಲ್ಲ. ರಾತ್ರಿ ಹತ್ತಕ್ಕೆ ಅಳತೆ ಹಾಕಿ ಕಿಟಕಿ ಕೊರೆಯುವ ಶಕ್ತಿ ಎಲ್ಲಿಂದ ಬರಬೇಕು? ಅವರಿಗೆ ಮೊಟ್ಟೆ ಟ್ರೇಯ ಕಲ್ಲು ಅಂಟಿಸುವುದು, ಡ್ರೈ ಬ್ರಶಿಂಗ್, ಮರಳು ಉದುರಿಸುವುದು. ದಣಿದ ಕೈಯಲ್ಲಿ ಬ್ಲೇಡು ಹಿಡಿಯುವುದಕ್ಕಂತೂ ನನ್ನ ಒಪ್ಪಿಗೆಯಿಲ್ಲ.

ಕೊಳ್ಳುವುದೇ ಲೇಸು ಎನ್ನುವ ಕೆಲವೂ ಇವೆ. ಒಳ್ಳೆಯ ಮರಗಳನ್ನು ಕಸದಿಂದ ಮಾಡಬಹುದು, ಆದರೆ ತಂತಿ ಹೊಸೆದು ಎಲೆ ಅಂಟಿಸುವ ಹೊತ್ತಿನಲ್ಲಿ ಎರಡು ಪಾಳುಮನೆ ಮುಗಿಯುತ್ತವೆ. ಮರ ಮತ್ತು ಹೊಸ ಬ್ಲೇಡುಗಳಿಗೆ ದುಡ್ಡು ಕೊಡಿ, ಉಳಿದದ್ದಕ್ಕೆ ಕಸದ ಬುಟ್ಟಿ ಇದೆ. ಆ ಬುಟ್ಟಿಗೂ ಒಂದು ಮಿತಿ ಇರಲಿ. ಕೂಡಿಟ್ಟ ಸಾಮಾನಿಗೆ ಒಂದೇ ಡಬ್ಬ, ಅದು ತುಂಬಿದ ಮೇಲೆ ಹೊಸದು ಬಂದರೆ ಹಳೆಯದು ಹೊರಗೆ. "ಮುಂದೆ ಬೇಕಾದೀತು" ಎಂದು ಎತ್ತಿಟ್ಟ ಮುಚ್ಚಳಗಳ ಚೀಲಕ್ಕೆ ಮನೆಯವರ ತಾಳ್ಮೆ ಎಷ್ಟು ದಿನ ಬಾಳೀತು ಎಂಬುದನ್ನು ನೀವೇ ಬಲ್ಲಿರಿ.

ಮುಗಿದ ತುಣುಕುಗಳಿಗೂ ಜಾಗ ಬೇಕಲ್ಲ. ಎಲ್ ಆಕಾರದ ಪಾಳುಮನೆಗಳು ಒಂದರ ಬೆನ್ನಿಗೊಂದು ಕೂರುತ್ತವೆ, ನಾಲ್ಕು ಗೋಡೆಯ ಮನೆಗಳು ಕೂರುವುದಿಲ್ಲ. ಮನೆ ಬೇಕೇ ಬೇಕೆಂದರೆ ಚಾವಣಿ ತೆಗೆದಿಡುವಂತಿರಲಿ, ಚಿಕ್ಕ ತುಣುಕುಗಳು ಅದರೊಳಗೇ ಸೇರಿಕೊಳ್ಳುತ್ತವೆ. ಮೆಟ್ಟಿಲು ಗುಡ್ಡಗಳನ್ನು ದೊಡ್ಡದರ ಮೇಲೆ ಚಿಕ್ಕದಾಗಿ ಪೇರಿಸಿ. ಅಕ್ರಿಲಿಕ್ ಬಣ್ಣವೂ ಬಿಳಿ ಅಂಟೂ ಮುಟ್ಟಲು ಒಣಗಿದಂತಿದ್ದರೂ ಬಿಸಿಲು ಕಾಲದಲ್ಲಿ ಒಂದಕ್ಕೊಂದು ಅಂಟಿಕೊಂಡು ಬಿಡಿಸುವಾಗ ಸಿಪ್ಪೆ ಏಳುತ್ತವೆ. ಹೊಸ ತುಣುಕುಗಳ ನಡುವೆ ಮೊದಲ ಕೆಲವು ವಾರ ಬೇಕಿಂಗ್ ಪೇಪರ್ ಇಡಿ. ಹಳೆಯ ಪತ್ರಿಕೆ ಇಟ್ಟರೆ ಅದೂ ಅಂಟಿಕೊಂಡು ಅಕ್ಷರಗಳು ಗುಡ್ಡದ ಮೇಲೆ ಉಳಿದುಬಿಡುತ್ತವೆ.